ಸಯಾಟಿಕಾ: ಕಾಯಬಲ್ಲವರು, ಕಾಯಲಾಗದವರು

ಸಯಾಟಿಕಾದಲ್ಲಿ ನೋವಿರುವುದು ಕಾಲಲ್ಲಿ, ತೊಂದರೆ ಇರುವುದು ಬೆನ್ನಲ್ಲಿ. ಎಷ್ಟೋ ಜನ ಮೊದಲು ದಾರಿ ತಪ್ಪುವುದೇ ಇಲ್ಲಿ. ತೊಡೆಯ ಹಿಂದೆ ಎಳೆಯುತ್ತಿದೆ ಅಂತ ತೊಡೆಗೆ ಎಣ್ಣೆ ತಿಕ್ಕುತ್ತಾರೆ. ಮೀನಖಂಡ ಹಿಡಿದುಕೊಂಡಿದೆ ಅಂತ ಕ್ರೇಪ್ ಬ್ಯಾಂಡೇಜ್ ಸುತ್ತುತ್ತಾರೆ. ಹಿಮ್ಮಡಿ ಉರಿಯುತ್ತಿದೆ ಅಂತ ಚಪ್ಪಲಿ ಬದಲಾಯಿಸುತ್ತಾರೆ. ಕಾಲಿಗೆ ಏನೂ ಆಗಿರುವುದಿಲ್ಲ. ಸೊಂಟದ ಹತ್ತಿರ ಒಂದು ನರದ ಬೇರು ಕೆರಳಿರುತ್ತದೆ. ಆ ನರ ಹೋಗುವ ದಾರಿಯುದ್ದಕ್ಕೂ ನಮಗೆ ನೋವು ಗೊತ್ತಾಗುತ್ತದೆ, ಅಷ್ಟೇ.

ನನಗೆ ಇದು ಬಂದದ್ದು ನಲವತ್ತು ದಾಟಿದ ಮೇಲೆ, ಎಡಗಾಲಿಗೆ. ಈಗ ವಾಸಿಯಾಗಿದೆ. ಆಗ ಓದಿದ್ದು, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದು, ಮನೆಯಲ್ಲೂ ಬೀದಿಯಲ್ಲೂ ಕಂಡದ್ದು ಎಲ್ಲವನ್ನೂ ಒಂದು ಕಡೆ ಬರೆದಿಡಬೇಕು ಅನ್ನಿಸಿತು. ಈ ನೋವಿನ ಬಗ್ಗೆ ನಮ್ಮಲ್ಲಿ ಔಷಧಿಯ ಮಾತು ಜಾಸ್ತಿ, ಕಾಯುವ ಮಾತು ಕಡಿಮೆ. ಕಾಯುವುದು ಯಾರಿಗೆ ಸಾಧ್ಯ, ಯಾರಿಗೆ ಸಾಧ್ಯವಿಲ್ಲ ಅನ್ನುವ ಮಾತಂತೂ ಇನ್ನೂ ಕಡಿಮೆ.

ಸಯಾಟಿಕ್ ನರ ನಮ್ಮ ದೇಹದ ಅತಿ ದಪ್ಪ, ಅತಿ ಉದ್ದದ ನರ. ಪಿರ್ರೆಯ ಹತ್ತಿರ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು ದಪ್ಪ ಇರುತ್ತದೆ. ಬೆನ್ನಿನ ಕೆಳಭಾಗದಿಂದ ಹೊರಡುವ ಐದು ಬೇರುಗಳು ಕೂಡಿ ಈ ನರವಾಗುತ್ತದೆ. ಡಾಕ್ಟರುಗಳು ಅವನ್ನು ಎಲ್4, ಎಲ್5, ಎಸ್1, ಎಸ್2, ಎಸ್3 ಅಂತ ಕರೆಯುತ್ತಾರೆ. ನರ ಪಿರ್ರೆಯ ಮಾಂಸದ ಒಳಗಿಂದ ಇಳಿದು, ತೊಡೆಯ ಹಿಂಭಾಗದಲ್ಲಿ ಸಾಗಿ, ಸಾಮಾನ್ಯವಾಗಿ ಮಂಡಿಗಿಂತ ಸ್ವಲ್ಪ ಮೇಲೆ ಎರಡು ಕವಲಾಗಿ ಪಾದದವರೆಗೆ ಹೋಗುತ್ತದೆ.

ಐದರಲ್ಲಿ ಯಾವ ಬೇರಿಗೆ ತೊಂದರೆಯಾಗಿದೆ ಅನ್ನುವುದನ್ನು ಕಾಲೇ ಹೇಳುತ್ತದೆ. ನನಗೆ ಇದು ತುಂಬಾ ಹಿಡಿಸಿದ ಸಂಗತಿ. ಎಲ್5 ಆಗಿದ್ದರೆ ನೋವು ಕಾಲಿನ ಹೊರಬದಿಯಲ್ಲಿ ಇಳಿದು, ಪಾದದ ಮೇಲ್ಭಾಗ ದಾಟಿ ಹೆಬ್ಬೆರಳಿನ ಕಡೆಗೆ ಹೋಗುತ್ತದೆ. ಹೆಬ್ಬೆರಳನ್ನು ಮೇಲಕ್ಕೆತ್ತುವ ಶಕ್ತಿ ಕುಗ್ಗಬಹುದು. ಹಿಮ್ಮಡಿಯ ಮೇಲೆ ನಡೆಯಿರಿ ಅಂದರೆ ಪಾದ ಕೆಳಗೆ ಬೀಳುತ್ತದೆ. ಎಸ್1 ಆಗಿದ್ದರೆ ನೋವು ತೊಡೆಯ ಹಿಂದೆ, ಮೀನಖಂಡ, ಹಿಮ್ಮಡಿ, ಪಾದದ ಹೊರ ಅಂಚು, ಕಿರುಬೆರಳು ಹೀಗೆ ಹೋಗುತ್ತದೆ. ತುದಿಗಾಲಲ್ಲಿ ನಿಲ್ಲುವುದು ಕಷ್ಟವಾಗುತ್ತದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಪಾದ ಸರಿಯಾಗಿ ಕುಣಿಯುವುದಿಲ್ಲ. ನನ್ನದು ಎಸ್1. ಬಸ್ ಹತ್ತುವಾಗ ಎಡಗಾಲಿನ ಮುಂಭಾಗದಲ್ಲಿ ಮೆಟ್ಟಿಲನ್ನು ಒತ್ತಿ ಮೇಲೇಳಲು ಆಗುತ್ತಿರಲಿಲ್ಲ. ಕಿರುಬೆರಳಿನ ಹತ್ತಿರ ಚರ್ಮ ಮರಗಟ್ಟಿ, ಕಾಲುಚೀಲ ಹಾಕಿದ್ದೇನೋ ಇಲ್ಲವೋ ಅಂತ ಗೊತ್ತಾಗುತ್ತಿರಲಿಲ್ಲ.

ಒಳ್ಳೆ ಡಾಕ್ಟರು ಮೊದಲು ಈ ದಾರಿಯನ್ನೇ ಹುಡುಕುತ್ತಾರೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ನಿಧಾನಕ್ಕೆ ಮೇಲಕ್ಕೆತ್ತುತ್ತಾರೆ. ಸುಮಾರು 30ರಿಂದ 70 ಡಿಗ್ರಿಯ ನಡುವೆ ಕಾಲಿನುದ್ದಕ್ಕೂ ಕರೆಂಟ್ ಹೊಡೆದ ಹಾಗಾದರೆ ನರದ ಬೇರು ಕೆರಳಿದೆ ಅಂತ ಅನುಮಾನ. ಬರೀ ತೊಡೆಯ ಹಿಂದಿನ ಸ್ನಾಯು ಬಿಗಿದರೆ ಅದು ಬೇರೆ. ಈ ಪರೀಕ್ಷೆಯನ್ನು 1880ರಲ್ಲಿ ವಿವರಿಸಿದವರು ಸರ್ಬಿಯಾದ ವೈದ್ಯ ಲಾಜಾ ಲಾಜರೆವಿಚ್. ಅವರು ತಮ್ಮ ಭಾಷೆಯ ಹೆಸರಾಂತ ಸಣ್ಣಕತೆಗಾರರೂ ಹೌದು. ಖರ್ಚಿಲ್ಲದ ಪರೀಕ್ಷೆ, ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ನೇರ ಸ್ಕ್ಯಾನಿಂಗ್‌ಗೆ ಬರೆದುಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಎರಡೂ ಪಾದ ಸಮನಾಗಿ ಉರಿಯುತ್ತಾ, ಜೋಮು ಹಿಡಿಯುತ್ತಾ ಇದ್ದರೆ ಅದು ಸಯಾಟಿಕಾ ಆಗಿರುವ ಸಾಧ್ಯತೆ ಕಡಿಮೆ. ಸಕ್ಕರೆ ಕಾಯಿಲೆಯಿಂದಲೋ ಬಿ12 ಕೊರತೆಯಿಂದಲೋ ಹಾಗಾಗುತ್ತದೆ. ಬರೀ ಸಸ್ಯಾಹಾರ ತಿನ್ನುವ ಮನೆಗಳಲ್ಲಿ ಈ ಕೊರತೆ ಸಾಮಾನ್ಯ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ತೊಡೆಸಂದಿಯಲ್ಲೇ ನೋವಿದ್ದು, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ಸೊಂಟದ ಕೀಲನ್ನು ನೋಡಿಸಬೇಕು.

ಇನ್ನು ಡಿಸ್ಕ್. ಸಯಾಟಿಕಾ ಬಂದ ಬಹುಪಾಲು ಜನರಲ್ಲಿ ಕಾರಣ ಇದೇ. ಬೆನ್ನಿನ ಎರಡೆರಡು ಮೂಳೆಗಳ ನಡುವೆ ಒಂದೊಂದು ಡಿಸ್ಕ್ ಇರುತ್ತದೆ. ಹೋಳಿಗೆ ಮಾಡುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೊರಗೆ ಗಟ್ಟಿ ನಾರಿನ ಕಣಕ, ಒಳಗೆ ಮೆತ್ತನೆಯ ಹೂರಣ. ಕಣಕ ಒಂದು ಕಡೆ ತೆಳುವಾಗಿ ಹರಿದರೆ ಹೂರಣ ಹೊರಗೆ ಬರುತ್ತದೆ. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ ಇದು ಹೆಚ್ಚು, ಏಕೆಂದರೆ ಬಾಗುವ ಏಳುವ ಭಾರವೆಲ್ಲ ಅಲ್ಲಿ ಬೀಳುತ್ತದೆ. ಡಿಸ್ಕ್ ಜಾರಿದೆ ಅಂತ ಹೇಳುತ್ತೇವಲ್ಲ, ನಿಜವಾಗಿ ಅದು ಎಲ್ಲಿಗೂ ಜಾರುವುದಿಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಯಾರೋ ಬಂದು ಒತ್ತಿ ಅದನ್ನು ಜಾಗಕ್ಕೆ ಕೂರಿಸುತ್ತೇನೆ ಅಂದರೆ, ಕೂರಿಸುವುದಕ್ಕೆ ಅಲ್ಲಿ ಜಾರಿದ ವಸ್ತುವೇ ಇಲ್ಲ.

ಹೊರಬಂದ ತುಣುಕು ನರದ ಬೇರನ್ನು ಒತ್ತುವುದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತದೆ. ಅದರಲ್ಲಿರುವ ರಾಸಾಯನಿಕಗಳು ನರದ ಬೇರನ್ನು ಕೆರಳಿಸಿ ಉರಿಯೂತ ತರುತ್ತವೆ. ಸಣ್ಣ ತುಣುಕಿದ್ದವರು ನೋವಿನಿಂದ ನರಳುವುದು, ದೊಡ್ಡ ತುಣುಕಿದ್ದವರು ಆರಾಮಾಗಿ ಓಡಾಡುವುದು ಎರಡೂ ಇದರಿಂದಲೇ ಅರ್ಥವಾಗುತ್ತದೆ.

ಇಷ್ಟು ತಿಳಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ನೋವಿನ ದಾರಿಯಂತೂ ಹಿಂದಿನವರಿಗೆ ಗೊತ್ತಿತ್ತು. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆ ಗೃಧ್ರಸಿಯನ್ನು, ಅಂದರೆ ಇದೇ ಥರದ ಕಾಲುನೋವನ್ನು, ವಿವರಿಸುವಾಗ ಪಿರ್ರೆಯಿಂದ ಶುರುಮಾಡಿ ಸೊಂಟ, ಬೆನ್ನು, ತೊಡೆ, ಮಂಡಿ, ಮೀನಖಂಡ, ಪಾದ ಅಂತ ಸಾಲಾಗಿ ಹೇಳುತ್ತದೆ. ಅದನ್ನು ಓದಿದಾಗ ನನ್ನದೇ ಕಾಲಿನ ವರದಿ ಓದಿದ ಹಾಗಾಯಿತು. ಇಟಲಿಯ ನೇಪಲ್ಸ್‌ನಲ್ಲಿ ಡೊಮೆನಿಕೊ ಕೊಟುನ್ಯೊ ಅನ್ನುವ ವೈದ್ಯರು 1764ರಲ್ಲಿ, ಈ ನೋವು ಸೊಂಟದ ಕೀಲಿನದಲ್ಲ, ನರದ್ದು ಅಂತ ಬೇರ್ಪಡಿಸಿ ಬರೆದರು. ಆದರೆ ನರಕ್ಕೆ ಏನಾಗಿದೆ ಅನ್ನುವ ಉತ್ತರ ಸಿಕ್ಕಿದ್ದು 1934ರಲ್ಲಿ. ಅಮೆರಿಕದ ಬಾಸ್ಟನ್ನಿನ ಇಬ್ಬರು ಶಸ್ತ್ರವೈದ್ಯರು, ಮಿಕ್ಸ್ಟರ್ ಮತ್ತು ಬಾರ್, ಡಿಸ್ಕ್ ಒಡೆದು ನರವನ್ನು ಒತ್ತುತ್ತದೆ ಅಂತ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಬಹಳ ವರ್ಷ, ಡಿಸ್ಕ್ ಉಬ್ಬಿದೆ ಅಂದರೆ ತೆಗೆದುಬಿಡಬೇಕು ಅನ್ನುವ ಉತ್ಸಾಹ ಜೋರಾಗಿತ್ತು.

ಎಂಆರ್‌ಐ ಬಂದ ಮೇಲೆ ಆ ಉತ್ಸಾಹಕ್ಕೆ ಒಂದು ತಡೆ ಬಿತ್ತು. ಬೆನ್ನುನೋವೇ ಇಲ್ಲದ ಆರೋಗ್ಯವಂತರ ಬೆನ್ನನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿರುವುದು ಕಾಣತೊಡಗಿತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ 3,110 ಜನರ ಲೆಕ್ಕ ಕೊಡುತ್ತದೆ. ಯಾರಿಗೂ ನೋವಿರಲಿಲ್ಲ. ಆದರೂ 20ರ ವಯಸ್ಸಿನವರಲ್ಲಿ ಶೇಕಡ 37 ಮಂದಿಗೆ ಡಿಸ್ಕ್ ಸವೆದಿತ್ತು, ಶೇಕಡ 30 ಮಂದಿಗೆ ಉಬ್ಬಿತ್ತು. 80ರ ವಯಸ್ಸಿನವರಲ್ಲಿ ಸವೆತ ಶೇಕಡ 96 ಮಂದಿಗೆ, ಉಬ್ಬು ಶೇಕಡ 84 ಮಂದಿಗೆ. ಅಂದರೆ ತಲೆಕೂದಲು ನೆರೆಯುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ.

ಈಗ ಸ್ಕ್ಯಾನಿಂಗ್ ಸೆಂಟರಿನಿಂದ ದೊಡ್ಡ ಕವರು ಹಿಡಿದು ಹೊರಬರುವ ಒಬ್ಬರನ್ನು ನೆನೆಸಿಕೊಳ್ಳಿ. ಡಾಕ್ಟರು ಸಿಗುವುದು ಸಂಜೆಗೆ. ಅಷ್ಟರೊಳಗೆ ಮನೆಯವರೆಲ್ಲ ರಿಪೋರ್ಟ್ ಓದುತ್ತಾರೆ. ಡಿಜೆನರೇಷನ್ (ಸವೆತ), ಡೆಸಿಕೇಷನ್ (ಒಣಗಿರುವುದು), ಬಲ್ಜ್ (ಉಬ್ಬು), ನರ್ವ್ ರೂಟ್ ಕಂಪ್ರೆಷನ್ (ನರದ ಬೇರಿಗೆ ಒತ್ತಡ). ನಾಲ್ಕು ಡಿಸ್ಕ್ ಹೋಗಿವೆಯಂತೆ ಅಂತ ರಾತ್ರಿಯೊಳಗೆ ನೆಂಟರಿಗೆಲ್ಲ ಫೋನು. ಅಂದಿನಿಂದ ಆ ಮನುಷ್ಯ ಬಗ್ಗುವುದಕ್ಕೂ ಹೆದರುತ್ತಾನೆ. ಹೆದರಿದ ಬೆನ್ನು ಬಿಗಿದುಕೊಳ್ಳುತ್ತದೆ, ಬಿಗಿದ ಬೆನ್ನು ಇನ್ನಷ್ಟು ನೋಯುತ್ತದೆ. ಎಂಆರ್‌ಐ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಪಾಯದ ಲಕ್ಷಣ ಇದ್ದರೆ ತಕ್ಷಣ ಬೇಕು. ಆಪರೇಷನ್ ಅಥವಾ ಇಂಜೆಕ್ಷನ್ ಯೋಚನೆ ಇದ್ದರೂ ಬೇಕು. ಅವೆರಡೂ ಇಲ್ಲದಿದ್ದರೆ ಮೊದಲ ಆರು ವಾರ ಅದರಿಂದ ಚಿಕಿತ್ಸೆಯೇನೂ ಬದಲಾಗುವುದಿಲ್ಲ. ಕಾಲಿನ ನೋವಿನ ದಾರಿಯೂ ಸ್ಕ್ಯಾನಿನಲ್ಲಿ ಕಾಣುವ ಜಾಗವೂ ಹೊಂದಿಕೊಂಡಾಗ ಮಾತ್ರ ಆ ಚಿತ್ರಕ್ಕೆ ಬೆಲೆ.

ಆ ಆರು ವಾರದಲ್ಲಿ ಒಳಗೆ ನಡೆಯುವ ಕೆಲಸದ ಬಗ್ಗೆ ನಮಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹೊರಬಂದ ತುಣುಕನ್ನು ದೇಹ ಪರಕೀಯ ವಸ್ತು ಅಂತ ಗುರುತಿಸುತ್ತದೆ. ಬಿಳಿ ರಕ್ತಕಣದ ಬಳಗಕ್ಕೆ ಸೇರಿದ ಮ್ಯಾಕ್ರೊಫೇಜ್ ಅನ್ನುವ ಕಣಗಳು ಬಂದು ಅದನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ಕರಗಿಸುತ್ತವೆ. ತುಣುಕಿನ ನೀರಿನಂಶವೂ ಆರುತ್ತದೆ. ಇನ್ನೂ ಆಶ್ಚರ್ಯ ಅಂದರೆ, ಪೂರ್ತಿ ಕಳಚಿ ಹೊರಬಿದ್ದ ದೊಡ್ಡ ತುಣುಕು, ಬರೀ ಉಬ್ಬಿಕೊಂಡ ಡಿಸ್ಕಿಗಿಂತ ಚೆನ್ನಾಗಿ ಕರಗುತ್ತದೆ. ರಿಪೋರ್ಟಿನಲ್ಲಿ ಭಯಂಕರವಾಗಿ ಕಾಣುವುದೇ ಎಷ್ಟೋ ಸಲ ಬೇಗ ಮಾಯವಾಗುತ್ತದೆ. ಬಹಳ ಜನರಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಾಲುನೋವು ಸಾಕಷ್ಟು ಇಳಿಯುತ್ತದೆ. ಕೆಲವರಿಗೆ ಇನ್ನೂ ಕೆಲವು ತಿಂಗಳು ಬೇಕು. ಕೆಲವರಿಗೆ ಪೂರ್ತಿ ಹೋಗುವುದಿಲ್ಲ, ಅದೂ ನಿಜ.

ಈ ಸಂಗತಿ ತಿಳಿದ ಮೇಲೆ ನಮ್ಮ ಸುತ್ತಮುತ್ತಲಿನ ಔಷಧಿಗಳನ್ನು ನಾನು ನೋಡುವ ಬಗೆಯೇ ಬದಲಾಯಿತು. ಯಾರೂ ನೋವು ಬಂದ ದಿನವೇ ದೂರದ ನಾಟಿ ವೈದ್ಯರ ಹತ್ತಿರ ಹೋಗುವುದಿಲ್ಲ. ಮೊದಲ ವಾರ ಮೆಡಿಕಲ್ ಸ್ಟೋರಿನ ಮಾತ್ರೆ. ಎರಡನೇ ವಾರ ಫ್ಯಾಮಿಲಿ ಡಾಕ್ಟರು. ಆಮೇಲೆ ಮೂಳೆ ಡಾಕ್ಟರು, ಬೆಲ್ಟು, ಸೊಂಟವನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್. ಎಲ್ಲ ಮುಗಿದು ಬೇಸತ್ತ ಮೇಲೆ ಯಾರೋ ಒಂದು ಊರಿನ ಹೆಸರು ಹೇಳುತ್ತಾರೆ. ಅಷ್ಟು ಹೊತ್ತಿಗೆ ತುಣುಕು ಒಳಗೆ ಕರಗುತ್ತಾ ಬಂದಿರುತ್ತದೆ. ಕೊನೆಗೆ ಯಾವ ಎಣ್ಣೆ ಹಚ್ಚಿದರೋ, ಯಾವ ಸೊಪ್ಪು ಕಟ್ಟಿದರೋ ಅದಕ್ಕೆ ಕೀರ್ತಿ ಹೋಗುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ವಾಸಿಯಾಗಿದೆ. ಅವರ ಕೃತಜ್ಞತೆಯೂ ನಿಜ. ಆ ಕೀರ್ತಿ ದೊಡ್ಡ ಆಸ್ಪತ್ರೆಯ ಇಂಜೆಕ್ಷನ್ನಿಗೂ ಹಾಗೇ ಸಿಗುತ್ತದೆ, ಅಲ್ವಾ?

ಹಾಗಂತ ಎಲ್ಲವನ್ನೂ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರಲ್ಲಿ ಸ್ನಾನ ಮಾಡಿಸುತ್ತಿದ್ದರು. ಬೆನ್ನಿನ ಸ್ನಾಯುಗಳು ಸಡಿಲವಾಗಿ ಅಂದು ರಾತ್ರಿ ಒಂದಿಷ್ಟು ನಿದ್ದೆ ಬರುತ್ತಿತ್ತು. ಆಯುರ್ವೇದದ ಕಟಿ ಬಸ್ತಿಯಲ್ಲಿ ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುತ್ತಾರೆ. ಅದರಿಂದಲೂ ಹಿತ ಸಿಗುತ್ತದೆ. ನೋವಿನಲ್ಲಿರುವವರಿಗೆ ನಿದ್ದೆ, ಹಿತ, ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವ ಧೈರ್ಯ ಸಣ್ಣ ವಿಷಯವಲ್ಲ. ಒಂದು ಎಚ್ಚರ ಮಾತ್ರ ಬೇಕು. ಮರಗಟ್ಟಿದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ ಇಟ್ಟು ಬೊಬ್ಬೆ ಎದ್ದು, ಸಕ್ಕರೆ ಕಾಯಿಲೆಯೂ ಇದ್ದು, ಗಾಯ ಮಾಯದೆ ಕಷ್ಟಪಟ್ಟವರಿದ್ದಾರೆ. ಶಾಖ ಕೊಡುವುದಿದ್ದರೆ ಸ್ಪರ್ಶ ಸರಿಯಾಗಿರುವ ಜಾಗಕ್ಕೆ ಕೊಡಿ.

ಕೆಲವನ್ನು ಮಾತ್ರ ನಾನು ಖಂಡಿತ ಬೇಡ ಅನ್ನುತ್ತೇನೆ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸುವುದು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು. ಬೆನ್ನಿನ ಮೇಲೆ ಹತ್ತಿ ತುಳಿಸುವುದು. ಸೊಂಟವನ್ನು ಹಿಡಿದು ಜೋರಾಗಿ ತಿರುಚಿ ಲಟಕ್ಕನೆ ಸದ್ದು ಬರಿಸುವುದು. ಒಡೆದ ಡಿಸ್ಕ್ ಇರುವಾಗ ಇಂಥ ಬಲಪ್ರಯೋಗದಿಂದ ಇನ್ನೂ ದೊಡ್ಡ ತುಣುಕು ಹೊರಬರುವ ಅಪಾಯ ಇದೆ.

ಇನ್ನು ಮಲಗಿಬಿಡುವ ವಿಷಯ. ಹಿಂದೆಲ್ಲ ಹಲಗೆಯ ಮೇಲೆ ವಾರಗಟ್ಟಲೆ ಮಲಗಿ ಅನ್ನುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ 183 ಜನ ಸಯಾಟಿಕಾ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ವಾರ ಹಾಸಿಗೆ ಹಿಡಿಯಿತು, ಇನ್ನೊಂದು ಆದಷ್ಟು ಓಡಾಡಿಕೊಂಡಿತ್ತು. 1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಹನ್ನೆರಡು ವಾರದ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇಕಡ 87 ಮಂದಿ ಸುಧಾರಿಸಿದ್ದರು. ಮಲಗಿದ್ದರಿಂದ ಹೆಚ್ಚಿನ ಲಾಭ ಏನೂ ಆಗಲಿಲ್ಲ. ನೋವು ತಡೆಯಲಾಗದ ಒಂದೆರಡು ದಿನ ಮಲಗಲೇಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆಮೇಲೆ ಮನೆಯೊಳಗೇ ಆದರೂ ಸರಿ, ಹತ್ತು ಹೆಜ್ಜೆ ನಡೆಯುತ್ತಿರಬೇಕು.

ವ್ಯಾಯಾಮದ ಬಗ್ಗೆ ನನಗೆ ಹೆಚ್ಚು ಬೆಳಕು ಕೊಟ್ಟದ್ದು ನ್ಯೂಜಿಲೆಂಡಿನ ಒಂದು ಘಟನೆ. ಅಲ್ಲಿ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋಥೆರಪಿಸ್ಟ್ ಇದ್ದರು. 1956ರಲ್ಲಿ ಒಬ್ಬ ರೋಗಿ ಅವರ ಕೋಣೆಗೆ ಹೋಗಿ, ಅರ್ಧ ಮೇಲಕ್ಕೆತ್ತಿದ್ದ ಮೇಜಿನ ಮೇಲೆ ಬೋರಲಾಗಿ ಮಲಗಿಬಿಟ್ಟ. ಬೆನ್ನು ಪೂರ್ತಿ ಹಿಂದಕ್ಕೆ ಬಾಗಿತ್ತು. ಮೆಕೆಂಜಿ ಬಂದು ನೋಡಿ ಗಾಬರಿಯಾದರು. ಆದರೆ ರೋಗಿ, ಇಷ್ಟು ದಿನದಲ್ಲಿ ಕಾಲು ಇವತ್ತೇ ಆರಾಮಾಗಿದೆ ಅಂದ. ಅಲ್ಲಿಂದ ಒಂದು ಇಡೀ ಪದ್ಧತಿ ಬೆಳೆಯಿತು. ಅದರ ತಿರುಳು ಇಷ್ಟು: ಯಾವ ಭಂಗಿಯಲ್ಲಿ ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಕೊನೆಗೆ ಸೊಂಟಕ್ಕೆ ಹಿಂದೆ ಸರಿಯುತ್ತದೋ ಆ ಭಂಗಿ ನಿಮಗೆ ಒಗ್ಗುತ್ತದೆ. ಕೆಲವೊಮ್ಮೆ ಸೊಂಟದಲ್ಲಿ ನೋವು ಹೆಚ್ಚಾಗಿ, ಕಾಲಲ್ಲಿ ಕಡಿಮೆಯಾಗುತ್ತದೆ. ಇಲ್ಲಿ ಬಹಳ ಜನ ಹೆದರಿ ವ್ಯಾಯಾಮ ಬಿಟ್ಟುಬಿಡುತ್ತಾರೆ. ಅದು ಒಳ್ಳೆಯ ಲಕ್ಷಣ. ನೋವು ಪಾದದ ಕಡೆಗೆ ಇಳಿಯುತ್ತಾ ಹೋದರೆ ಮಾತ್ರ ನಿಲ್ಲಿಸಬೇಕು.

ನನಗೆ ಬೋರಲು ಮಲಗಿ, ಮೊಣಕೈ ಊರಿ, ಎದೆ ಎತ್ತುವುದು ಒಗ್ಗಿತು. ನಮ್ಮ ದೊಡ್ಡಮ್ಮನಿಗೆ ಅದೇ ಭಂಗಿ ವಿಷ. ಅವರಿಗೆ ಎಪ್ಪತ್ತರ ಮೇಲಾಗಿದೆ. ಅವರದು ಡಿಸ್ಕ್ ಒಡೆದ ನೋವಲ್ಲ, ವಯಸ್ಸಿಗೆ ಬೆನ್ನುಹುರಿಯ ನಾಳ ಕಿರಿದಾದದ್ದು. ನೆಟ್ಟಗೆ ನಿಂತು ನಡೆದರೆ ಸ್ವಲ್ಪ ದೂರಕ್ಕೇ ಎರಡೂ ಕಾಲು ಸೋತು ಜೋಮು ಹಿಡಿಯುತ್ತದೆ. ಜಗುಲಿಯಲ್ಲಿ ಮುಂದಕ್ಕೆ ಬಾಗಿ ಕೂತರೆ ಐದು ನಿಮಿಷಕ್ಕೆ ಸರಿಹೋಗುತ್ತದೆ. ಮುಂದೆ ಬಾಗಿದಾಗ ಆ ನಾಳ ಸ್ವಲ್ಪ ಅಗಲವಾಗುತ್ತದೆ. ಹಿಂದಕ್ಕೆ ಬಾಗಿದರೆ ಇನ್ನೂ ಕಿರಿದಾಗುತ್ತದೆ. ಕುತ್ತಿಗೆ ಎತ್ತಿ ನೆಟ್ಟಗೆ ನಡೀರಿ ದೊಡ್ಡಮ್ಮ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಅವರು ಪಾಪ ಸುಮ್ನೆ ಬಾಗಿಯೇ ನಡೆಯುತ್ತಿದ್ದರು. ಅವರ ಬೆನ್ನಿಗೆ ತನಗೇನು ಬೇಕು ಅನ್ನುವುದು ಗೊತ್ತಿತ್ತು. ಅದಕ್ಕೇ ಮೊಬೈಲಿನಲ್ಲಿ ಸಯಾಟಿಕಾಗೆ ಐದು ಆಸನ ಅಂತ ಬಂದ ವಿಡಿಯೋವನ್ನು ಎಲ್ಲರಿಗೂ ಕಳಿಸಬೇಡಿ ಅಂತ ನಾನು ಕೇಳಿಕೊಳ್ಳುವುದು. ಭುಜಂಗಾಸನ ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ನೋವು. ಕೂತು ಮುಂದಕ್ಕೆ ಬಾಗಿ ಕಾಲ್ಬೆರಳು ಹಿಡಿಯುವ ಪಶ್ಚಿಮೋತ್ತಾನಾಸನವಂತೂ ಡಿಸ್ಕಿನ ನೋವು ಹಸಿಯಾಗಿರುವಾಗ ಬೇಡವೇ ಬೇಡ.

ದಿನದ ಬದುಕಿನಲ್ಲಿ ಉಪಯೋಗಕ್ಕೆ ಬಂದ ಕೆಲವು ವಿಷಯಗಳಿವೆ. ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಆ ಸಮಯದಲ್ಲಿ ಬಹಳ ಹಿಂಸೆ, ಕಮೋಡ್ ವಾಸಿ. ಇಲ್ಲದ ಮನೆಯಲ್ಲಿ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಸಿಗುತ್ತದೆ. ಮುಕ್ಕಿದರೆ ನೋವು ಜಾಸ್ತಿ, ಆದ್ದರಿಂದ ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು, ನೀರು ಬೇಕು. ಕೆಮ್ಮು, ಸೀನು ಬಂದಾಗ ಗೋಡೆ ಹಿಡಿದು ಬೆನ್ನನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಆ ಹೊಡೆತ ತಗ್ಗುತ್ತದೆ. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಲಿ. ಗಂಡಸರು ಹಿಂಜೇಬಿನ ದಪ್ಪ ಪರ್ಸನ್ನು ತೆಗೆದು ಮುಂದೆ ಇಟ್ಟುಕೊಳ್ಳಲಿ, ಕೂತಾಗ ಅದು ನೇರ ಆ ನರದ ಹಾದಿಯ ಮೇಲೇ ಒತ್ತುತ್ತದೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಬೇಡಿ. ಸಿಗರೇಟು, ಬೀಡಿ ಡಿಸ್ಕಿಗೆ ಹೋಗುವ ಪೋಷಣೆಯನ್ನೂ ಕೆಡಿಸುತ್ತವೆ.

ಮಾತ್ರೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯ ನೋವಿನ ಮಾತ್ರೆ ಸ್ವಲ್ಪ ಸಹಾಯ ಮಾಡಬಹುದು. ಬಿಪಿ, ಕಿಡ್ನಿ, ಹೊಟ್ಟೆ ಹುಣ್ಣಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನುಂಗಬಾರದು. ನಮ್ಮಲ್ಲಿ ಸಯಾಟಿಕಾ ಅಂದ ಕೂಡಲೇ ಚೀಟಿಯಲ್ಲಿ ನರದ ನೋವಿಗೆ ಕೊಡುವ ಪ್ರೀಗ್ಯಾಬಲಿನ್ ಅನ್ನುವ ಮಾತ್ರೆ ಬರುತ್ತದೆ. ಆಸ್ಟ್ರೇಲಿಯಾದಲ್ಲಿ 209 ಜನರ ಮೇಲೆ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಿಗಿಂತ ಕಾಲುನೋವು ಹೆಚ್ಚೇನೂ ಇಳಿಯಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಾಯಿತು. ಯಾವ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೂ ಸಯಾಟಿಕಾಗೆ ಇದನ್ನು ಕೊಡಬೇಡಿ ಅನ್ನುತ್ತದೆ. ಈಗಾಗಲೇ ತಿನ್ನುತ್ತಿರುವವರು ಥಟ್ಟನೆ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಉಸಿರಾಡುವಷ್ಟು ಬಿಡುವು ಕೊಡುತ್ತದೆ. ಇನ್ನೊಂದು ಮಾತು, ಪಿರ್ರೆಗೆ ಚುಚ್ಚುವ ಸಾಮಾನ್ಯ ಇಂಜೆಕ್ಷನ್ ಬಗ್ಗೆ. ತಪ್ಪು ಜಾಗಕ್ಕೆ ಚುಚ್ಚಿದರೆ ಅದೇ ಸಯಾಟಿಕ್ ನರಕ್ಕೆ ಪೆಟ್ಟಾಗಿ ಪಾದ ಎತ್ತಲಾಗದೆ ಜೋತುಬೀಳಬಹುದು. ಚುಚ್ಚಬೇಕಾದದ್ದು ಮೇಲಿನ ಹೊರ ಮೂಲೆಗೆ. ಕಲಿಯದವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳಬೇಡಿ, ಮಕ್ಕಳಿಗಂತೂ ಬೇಡ.

ಕಾಯಬಾರದ ಸಂದರ್ಭಗಳನ್ನು ಎಲ್ಲರೂ ತಿಳಿದಿರಲೇಬೇಕು. ಮೂತ್ರ ಬರುವುದು ತಿಳಿಯುತ್ತಿಲ್ಲ, ಅಥವಾ ಮೂತ್ರಕೋಶ ತುಂಬಿದ್ದರೂ ಮೂತ್ರ ಹೋಗುತ್ತಿಲ್ಲ. ಮಲದ ಹಿಡಿತ ತಪ್ಪಿದೆ. ತೊಡೆಸಂದಿ, ಗುದದ್ವಾರ, ಜನನಾಂಗದ ಸುತ್ತ ಮರಗಟ್ಟಿದೆ. ಎರಡೂ ಕಾಲಿಗೆ ಒಟ್ಟಿಗೆ ನೋವು, ಸೋಲು ಬರುತ್ತಿದೆ. ಇವುಗಳಲ್ಲಿ ಯಾವುದು ಕಂಡರೂ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೊನೆಯ ನರಗಳ ಗೊಂಚಲೇ ಅದುಮಿಕೊಂಡಿರಬಹುದು, ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕಾಗುತ್ತದೆ. ತಡವಾದರೆ ಮೂತ್ರದ ಹಿಡಿತ ಜೀವನಪೂರ್ತಿ ಹೋಗಬಹುದು. ನಮ್ಮ ಹೆಂಗಸರು ಈ ಲಕ್ಷಣಗಳನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಮನೆಯವರೇ ಕೇಳಬೇಕು, ಡಾಕ್ಟರೇ ಕೇಳಬೇಕು. ಪಾದ ದಿನದಿಂದ ದಿನಕ್ಕೆ ಹೆಚ್ಚು ಬೀಳುತ್ತಿದ್ದರೂ ಬೇಗ ತೋರಿಸಬೇಕು. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಇದ್ದರೆ ಬೆನ್ನುಮೂಳೆಯ ಕ್ಷಯ ಇದೆಯೇ ಅಂತ ನೋಡಿಸಬೇಕು. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ.

ಕೊನೆಗೆ ಆಪರೇಷನ್. ಮಾಡಿಸಿಕೊಂಡರೆ ಕಾಲೇ ಹೋಗುತ್ತದೆ ಅನ್ನುವ ಹೆದರಿಕೆ ಹಳ್ಳಿಯಲ್ಲೂ ಪೇಟೆಯಲ್ಲೂ ಒಂದೇ. ಈಗಿನ ಆಪರೇಷನ್‌ನಲ್ಲಿ ಸಣ್ಣದಾಗಿ ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ನರವನ್ನು ಒತ್ತುವ ತುಣುಕನ್ನು ಮಾತ್ರ ತೆಗೆಯುತ್ತಾರೆ. ಕಾಲುನೋವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬರೀ ಸೊಂಟನೋವಿಗೆ ಅಷ್ಟಾಗಿ ಅಲ್ಲ. ನೆದರ್ಲೆಂಡ್ಸ್‌ನಲ್ಲೇ ಇನ್ನೊಂದು ದೊಡ್ಡ ಅಧ್ಯಯನ ನಡೆಯಿತು, 2007ರಲ್ಲಿ ಪ್ರಕಟವಾಯಿತು. ಆರರಿಂದ ಹನ್ನೆರಡು ವಾರ ತೀವ್ರ ನೋವು ತಿಂದ 283 ಜನ. ಅರ್ಧ ಮಂದಿಗೆ ಬೇಗ ಆಪರೇಷನ್. ಉಳಿದವರು ಕಾಯಬೇಕು, ಆಗದಿದ್ದರೆ ಆಪರೇಷನ್. ಒಂದು ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ಶೇಕಡ 95 ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಶೇಕಡ 39 ಮಂದಿ ನಡುವೆ ಆಪರೇಷನ್ ಮಾಡಿಸಿಕೊಂಡರು. ಬೇಗ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಅಂದರೆ ಬಹಳ ಜನರಿಗೆ ಆಪರೇಷನ್ ಕೊಡುವುದು ಕೆಲವು ತಿಂಗಳ ಕಾಲವನ್ನು.

ಆ ಕೆಲವು ತಿಂಗಳ ಬೆಲೆ ಎಲ್ಲರಿಗೂ ಒಂದೇ ಅಲ್ಲ. ನನಗೆ ಕೂತು ಮಾಡುವ ಕೆಲಸ, ಸಂಬಳದ ರಜೆ. ಮೇಜು ಎತ್ತರಿಸಿಕೊಂಡು ನಿಂತು ಕೆಲಸ ಮಾಡಿದೆ, ಕಾದೆ. ನಮ್ಮ ಬೀದಿಯಲ್ಲಿ ಆಟೋ ಓಡಿಸುವ ಒಬ್ಬ ಅಣ್ಣನಿಗೆ ಅದೇ ನೋವು. ದಿನವಿಡೀ ಕೂರುವುದು, ಹೊಂಡದ ರಸ್ತೆ, ತಿಂಗಳ ಕಂತು. ಅವರು ಆಪರೇಷನ್ ಆರಿಸಿಕೊಂಡರು. ಕೆಲವರು ಅವಸರ ಮಾಡಿದರು ಅಂದರು. ನನಗೆ ಹಾಗನ್ನಿಸಲಿಲ್ಲ. ಇಬ್ಬರ ಬೆನ್ನೂ ಒಂದೇ ಥರ ಇದ್ದಿರಬಹುದು, ಬದುಕು ಬೇರೆ ಬೇರೆ. ಈ ಲೆಕ್ಕವನ್ನು ಡಾಕ್ಟರು ರೋಗಿಯ ಜೊತೆ ಕೂತು ಹಾಕಬೇಕು. ಕಾದರೆ ಏನಾಗಬಹುದು, ಕೊಯ್ದರೆ ಏನಾಗಬಹುದು, ಕೆಲವರಿಗೆ ಅದೇ ಡಿಸ್ಕ್ ಮತ್ತೆ ಹೊರಬರುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳಬೇಕು.

ಭತ್ತದ ಸಸಿ ನಾಟಿ ಮಾಡಲು ಕೂಲಿಗೆ ಹೋಗುವ ಹೆಂಗಸರ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಕೆಸರಲ್ಲಿ ನಿಂತು, ಸೊಂಟ ಬಗ್ಗಿಸಿ, ಇಡೀ ದಿನ. ಅವರಿಗೆ ಬಗ್ಗಬೇಡಿ ಅಂತ ಚೀಟಿಯಲ್ಲಿ ಬರೆದುಕೊಟ್ಟರೆ ಆ ಋತುವಿನ ಕೂಲಿಯೇ ಹೋಯಿತು. ಅವರು ಮಾತ್ರೆ ನುಂಗಿ ಗದ್ದೆಗೆ ಇಳಿಯುತ್ತಾರೆ. ಇಂಥವರಿಗೆ ಹೇಳಬೇಕಾದ ಮಾತು ಬೇರೆಯೇ ಇದೆ. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ಹಿಂದಕ್ಕೆ ಬಾಗುವುದು. ಸಸಿಯ ಹೊರೆಯನ್ನು ಎರಡು ಸಲಕ್ಕೆ ಒಯ್ಯುವುದು, ಎತ್ತುವಾಗ ಮಂಡಿ ಮಡಿಸಿ ಹೊರೆಯನ್ನು ಮೈಗೆ ಹತ್ತಿರ ಹಿಡಿಯುವುದು. ಗುಂಪಿನಲ್ಲಿ ನೋವಿರುವವರಿಗೆ ಸಸಿ ಕೀಳುವ, ಬಗ್ಗುವ ಕೆಲಸ ಬಿಟ್ಟು ಅಡುಗೆ, ನೀರು, ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಕೊಟ್ಟು ಕೂಲಿಯನ್ನು ಸಮನಾಗಿ ಹಂಚಿಕೊಳ್ಳುವುದು. ಮನೆಗೆ ಬಂದ ಮೇಲೆ ಕೊಡ, ಸೌದೆ, ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸವನ್ನು ಗಂಡಸರೂ ದೊಡ್ಡ ಮಕ್ಕಳೂ ಮಾಡುವುದು. ಆ ಆರರಿಂದ ಹನ್ನೆರಡು ವಾರ ಒಂದು ಮನೆ ಇಷ್ಟು ಮಾಡಿದರೆ, ಆ ಹೆಣ್ಣುಮಗಳಿಗೂ ಕಾಯಲು ಸಾಧ್ಯವಾಗುತ್ತದೆ.